ಕೆಂಪು ಗೆರೆ ಎಳೆದ ಮನೆಗಳು

ಅನುಮಾನ ನನ್ನ ಕಸುಬು. ಕೆರೆ ತುಂಬಿತೆಂದು ಊರವರೆಲ್ಲ ಬಾಗಿನ ಬಿಡಲು ಹೊರಟರೆ, ನಾನೊಬ್ಬ ಏರಿಯ ಹಿಂಬದಿಗೆ ಇಳಿದು ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ಹುಡುಕುತ್ತಿರುತ್ತೇನೆ. ಮನೆಯಲ್ಲೂ ಅಷ್ಟೇ. ಹಾಲಿನವಳು ಅಳೆಯುವಾಗ ಬಗ್ಗಿ ನೋಡುತ್ತೇನೆಂದು ಹೆಂಡತಿ ಇವತ್ತಿಗೂ ಬೈಯುತ್ತಾಳೆ. ನೆರೆ, ಬರ, ಭೂಕಂಪಗಳಾದ ಮೇಲೆ ಊರುಗಳನ್ನು ಎಲ್ಲಿ, ಹೇಗೆ ಮತ್ತೆ ಕಟ್ಟಬೇಕೆಂದು ಪಾಠ ಹೇಳುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಆದರೆ ಅನುಮಾನದಲ್ಲಿ ನನ್ನನ್ನೂ ಮೀರಿಸಿದ ಒಬ್ಬ ಅಜ್ಜಿ ಸಿಕ್ಕಿದ್ದು ಈ ಕೆಲಸಕ್ಕೆ ಕೈಹಾಕಿದ ಹೊಸದರಲ್ಲೇ, ತುರ್ತು ಪರಿಸ್ಥಿತಿಯ ಕಾಲದಲ್ಲಿ.

ಆಗ ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ಹಿಂದಿನ ಮಳೆಗಾಲದಲ್ಲಿ ಬಾಗೂರಿನಿಂದಾಚೆ ಒಂದು ಹಳ್ಳಿಯ ಕೆರೆ ಏರಿ ಒಡೆದಿತ್ತು. ಹಗಲು ಹೊತ್ತಾದ್ದರಿಂದ ಜನ ಬದುಕಿಕೊಂಡರು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು, ರೊಪ್ಪದಲ್ಲಿ ಕೂಡಿದ್ದ ಮರಿಗಳು ಮಾತ್ರ ಕೊಚ್ಚಿಕೊಂಡು ಹೋದವು. ಒಡೆದ ಜಾಗಕ್ಕೆ ಮಣ್ಣು ಸುರಿದು, ಮೇಲೆ ಒಂದಿಷ್ಟು ಕಲ್ಲು ಹೊದಿಸಿ, ರಿಪೇರಿ ಆಯಿತೆಂದು ಹೇಳಿದ್ದರು. ನಾನು ಅದರ ಮೇಲೆ ನಿಂತು ಒತ್ತಿ ನೋಡಿದೆ. ಹಿಮ್ಮಡಿ ಒಳಗಿಳಿಯಿತು. ಇನ್ನೊಂದು ಜೋರು ಮಳೆ ಬಿದ್ದರೆ ಹಳ್ಳದ ಪಕ್ಕದಲ್ಲಿದ್ದ ಕುರಿಗಾರರ ಸಾಲು, ಊರವರು ಕೆಳಗಿನ ಸಾಲು ಅನ್ನುತ್ತಿದ್ದ ಆ ಮನೆಗಳು ಉಳಿಯುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಮಳೆಗೆ ಮುಂಚೆ ಅವರನ್ನು ಮೇಲಿನ ದಿಣ್ಣೆಗೆ ಸಾಗಿಸಬೇಕಿತ್ತು.

ಯಾವ ಮನೆಯಲ್ಲಿ ನೀರು ಎಷ್ಟೆತ್ತರ ನಿಂತಿತ್ತೆಂದು ತೋರಿಸಿಕೊಟ್ಟರೆ ದಿಣ್ಣೆಯ ಮೇಲೆ ನಿವೇಶನ ಕೊಡಿಸುತ್ತೇನೆಂದು ಒಬ್ಬ ಅಧಿಕಾರಿ ಒಪ್ಪಿದರು. ಓಡಾಡಲು ಜೀಪನ್ನೂ ಕೊಟ್ಟರು. ಅಷ್ಟು ಸಲೀಸಾಗಿ ಸರ್ಕಾರದ ಜೀಪು ಸಿಕ್ಕಿದ್ದೇ ನನಗೆ ಒಂಥರಾ ಆಯಿತು. ಹಿರಿಯೂರು ಕಡೆಯ ಡ್ರೈವರ್ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಇವನು ಪೆಟ್ರೋಲ್ ಕದಿಯುವವನಿರಬೇಕೆಂದು ನಾನು ಮೀಟರಿನ ಮೇಲೆ ಒಂದು ಕಣ್ಣಿಟ್ಟೇ ಕೂತಿದ್ದೆ.

ಕೆಳಗಿನ ಸಾಲಿನಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಎಲ್ಲಿ ಎಂದರೆ ಕುರಿ ಹೊಡೆದುಕೊಂಡು ಹೋಗಿದ್ದಾರೆಂದು ಹೆಂಗಸರು ಹೇಳಿದರು. ಕುರಿಗಳೆಲ್ಲ ಅಲ್ಲೇ ರೊಪ್ಪದಲ್ಲಿ ನಿಂತು ನನ್ನನ್ನು ನೋಡುತ್ತಿದ್ದವು. ಕೊನೆಯ ಮನೆಯ ಅಜ್ಜಿ ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು. ಒಳಗೆ ಯಾರೋ ಗಂಡು ದನಿಯಲ್ಲಿ ಕೆಮ್ಮಿದಂತಾಯಿತು. ಯಾರಜ್ಜಿ ಅದು ಎಂದೆ. ಬೆಕ್ಕು ಎಂದಳು. ಅಂಗಳದಲ್ಲಿ ಮೂರು ಮೊಮ್ಮಕ್ಕಳು ಆಡುತ್ತಿದ್ದವು. ಅವರ ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ಊರು ಬಿಟ್ಟು ಹೋದ, ಎಲ್ಲಿಗೋ ಗೊತ್ತಿಲ್ಲ ಎಂದಳು. ಇವರು ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆಂದು ನನ್ನ ಮೈಯೆಲ್ಲ ಉರಿಯಿತು.

ಮಣ್ಣಿನ ಗೋಡೆಗಳ ಮೇಲೆ ನೀರಿನ ಕಲೆ ಇನ್ನೂ ಕಾಣುತ್ತಿತ್ತು. ಯುಗಾದಿಗೆ ಸಾರಿಸಿ ಸುಣ್ಣ ಬಳಿದರೆ ಅಳಿಸಿಹೋಗುತ್ತದೆ. ಅದಕ್ಕೇ ದುರ್ಗದಿಂದ ಕೆಂಪು ಬಣ್ಣದ ಡಬ್ಬಿ ಒಯ್ದಿದ್ದೆ. ಕಲೆ ಇದ್ದ ಎತ್ತರಕ್ಕೆ ಮನೆಮನೆಗೂ ಒಂದೊಂದು ಗೆರೆ ಎಳೆದೆ. ಇದರ ಮೇಲೆ ಸುಣ್ಣ ಬಳಿಯಬೇಡಿ, ನಿಮ್ಮ ಒಳ್ಳೆಯದಕ್ಕೇ ಎಂದು ಹೇಳಿದೆ. ಗೆರೆ ಎಳೆದು ಮುಗಿಸುವಷ್ಟರಲ್ಲಿ ಕತ್ತಲಾಯಿತು, ಅಳತೆಯನ್ನು ಇನ್ನೊಮ್ಮೆ ಬಂದು ಬರೆದುಕೊಳ್ಳೋಣವೆಂದು ಹೊರಟೆ.

ಯುಗಾದಿ ಕಳೆದ ಮೇಲೆ ಅಳತೆ ಬರೆದುಕೊಳ್ಳಲು ಮತ್ತೆ ಹೋದಾಗ ಊರ ಬಾಗಿಲಲ್ಲೇ ಜೀಪು ನಿಲ್ಲಿಸಲು ಹೇಳಿ ಇಳಿದೆ. ಮೊದಲ ಮನೆಯ ಮೇಲೆ ಕೆಂಪು ಗೆರೆ. ಎದುರು ಮನೆಗೂ ಕೆಂಪು ಗೆರೆ. ದಿಣ್ಣೆಯ ಮೇಲಿನ ಗುಡಿಯ ಗೋಡೆಗೆ, ಶಾಲೆಗೆ, ಗೌಡರ ಎರಡಂತಸ್ತಿನ ಮನೆಗೆ, ಎಲ್ಲಕ್ಕೂ ಎದೆಯೆತ್ತರಕ್ಕೆ ಅದೇ ಕೆಂಪು. ಕೆಳಗಿನ ಸಾಲಿಗೆ ಹೊಸದಾಗಿ ಸುಣ್ಣ ಬಳಿದು, ಕಲೆ ಮುಚ್ಚಿ, ಮೇಲೆ ತಮ್ಮದೇ ಗೆರೆ ಎಳೆದಿದ್ದರು. ನನ್ನ ಲೆಕ್ಕದ ಪ್ರಕಾರ ನೀರು ಗುಡ್ಡ ಹತ್ತಿ ದೇವರ ದರ್ಶನ ಮಾಡಿ ಬಂದಿತ್ತು.

ನನಗೆ ಕೆಟ್ಟ ಸಿಟ್ಟು ಬಂತು. ದಿಣ್ಣೆಯ ಜಾಗದ ಮೇಲೆ ಗೌಡರಿಗೇ ಕಣ್ಣಿರಬೇಕು, ಅವರೇ ಮಾಡಿಸಿದ್ದಾರೆ ಎಂದುಕೊಂಡೆ. ಗೌಡರನ್ನು ಕೇಳಿದರೆ ಅವರು ನನ್ನ ಮೇಲೇ ಹಾರಾಡಿದರು. ಅವರ ಗೋಡೆಗೆ ಯಾರು ಬಳಿದರೆಂದು ಅವರಿಗೂ ತಿಳಿಯದು. ಸೀದಾ ಅಜ್ಜಿಯ ಮನೆಗೆ ಹೋದೆ. ಮುಂದಿನ ಮಳೆಗೆ ನಿಮ್ಮ ಮೊಮ್ಮಕ್ಕಳು ಕೊಚ್ಚಿಹೋದರೆ ನನ್ನನ್ನು ಕೇಳಬೇಡಿ ಎಂದು ಕೂಗಾಡಿದೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ಕಂಬಳಿ ಹಾಸಿದಳು.

"ಕುಂತ್ಕಳ್ರಿ ಮೇಷ್ಟ್ರೇ. ವ್ಯಾಪಾರದೋನು ಬಂದು ಬೇಕಾದ ಕುರಿ ಬೆನ್ನಿಗೆ ಕೆಂಪು ಬಳಿದು ಹೋಗ್ತಾನೆ. ಅವತ್ತಿಂದ ಅದು ಅವನ ಕುರಿ. ಹೊಡ್ಕೊಂಡು ಹೋಗಾಕೆ ಬರೋ ತನಕ ನಮ್ಮ ಮಂದ್ಯಾಗಿರ್ತೈತೆ, ಅಷ್ಟೇಯ."

"ನಾನು ಕುರಿ ವ್ಯಾಪಾರಕ್ಕೆ ಬಂದಿಲ್ಲಜ್ಜಿ."

"ನಮಗೆ ಕೊಡಾಕೆ ಮನಸಿಲ್ದಿದ್ರೆ ಇಡೀ ಮಂದೆಗೆ ಬಳಿತೀವಿ. ಯಾವುದು ತನ್ದು ಅಂತ ಅವನೇ ಹುಡುಕ್ಕಳ್ಳಿ." ಆಮೇಲೆ ಜೀಪಿನ ಕಡೆ ಗದ್ದ ಎತ್ತಿ ತೋರಿಸಿದಳು. "ಪಕ್ಕದೂರಿನ ಗಂಡಸ್ರನ್ನ ಮಕ್ಕಳಾಗದಂಗೆ ಮಾಡೋ ಆಪ್ರೇಸನ್ನಿಗೆ ತುಂಬ್ಕೊಂಡು ಹೋಗಿದ್ದು ಇದ್ರಾಗೇ. ನೀವು ಒಳ್ಳೇರಿರಬೌದು. ಜೀಪು ಯಾರ್ದು?"

ನಾನು ಪಾಠ ಹೇಳುವವನು, ಆಪರೇಷನ್‌ಗೂ ನನಗೂ ಏನು ಸಂಬಂಧ ಎಂದು ಗೊಣಗುತ್ತ ಎದ್ದು ಬಂದೆ. ಆದರೆ ಆ ಪ್ರಶ್ನೆ ಜೀಪಿನೊಳಗೂ ನನ್ನ ಜೊತೆಯಲ್ಲೇ ಬಂತು. ಹೊಸದುರ್ಗ ಹತ್ತಿರ ಬಂದಾಗ ಜೀಪು ನಿಲ್ಲಿಸಲು ಹೇಳಿ ಡ್ರೈವರನ್ನೇ ಕೇಳಿದೆ. ಅವನು ಸ್ಟೀರಿಂಗ್ ಉಜ್ಜತೊಡಗಿದ. ಕೆಂಪು ಗೆರೆ ಇರುವ ಮನೆಗಳನ್ನು ಆಪರೇಷನ್ ಕ್ಯಾಂಪಿನವರಿಗೆ ತೋರಿಸಬೇಕೆಂದು ಸಾಹೇಬರು ತನಗೆ ಮೊದಲೇ ಹೇಳಿಟ್ಟಿದ್ದಾರೆಂದು ಕೊನೆಗೆ ಒಪ್ಪಿಕೊಂಡ. ಅವನ ಬಾಯಿಗೆ ಬೀಗ ಬಿದ್ದದ್ದು ಪೆಟ್ರೋಲಿನ ಕಾರಣಕ್ಕಲ್ಲ.

ಸೀದಾ ಕಚೇರಿಗೆ ಹೋಗಿ ಕೇಳಿದರೆ ಅಧಿಕಾರಿ ಅದನ್ನು ಅಡಗಿಸಲೂ ಹೋಗಲಿಲ್ಲ. ನಗುತ್ತ ಕಾಫಿ ತರಿಸಿದರು. "ನಿಮ್ಮ ಗೆರೆ ಇರೋ ಮನೆಗೇ ನಿವೇಶನ, ಅದರಲ್ಲಿ ಎರಡು ಮಾತಿಲ್ಲ. ಮೊದಲು ಕ್ಯಾಂಪು, ಆಮೇಲೆ ನಿವೇಶನ. ಎರಡೂ ಅವರ ಒಳ್ಳೇದಕ್ಕೇ ಅಲ್ವೇ?" ನಾನು ಹಳ್ಳಿಯಲ್ಲಿ ಆಡಿದ ಮಾತನ್ನೇ ಅವರು ನನಗೆ ಆಡುತ್ತಿದ್ದರು. ಕಾಫಿ ಹಾಗೇ ಬಿಟ್ಟು ಎದ್ದೆ. ನಿಮ್ಮ ಜೀಪು ನನಗೆ ಬೇಡ ಎಂದೆ.

ಜೀಪು ಕ್ಯಾಂಪಿನವರನ್ನು ಹತ್ತಿಸಿಕೊಂಡು ಹಳ್ಳಿಗೆ ಹೋದ ಕಥೆಯನ್ನು ಡ್ರೈವರೇ ಒಂದು ದಿನ ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದ. ಎತ್ತ ನೋಡಿದರೂ ಕೆಂಪು. ಗೆರೆ ನೋಡಿ ಮೊದಲು ನುಗ್ಗಿದ್ದು ಗೌಡರ ಮನೆಗೆ. ಗೌಡರ ಅಳಿಯ ಅಲ್ಲಿ ಊಟಕ್ಕೆ ಕೂತಿದ್ದನಂತೆ, ಅವನ ರಟ್ಟೆಗೇ ಕೈ ಹಾಕಿದರಂತೆ. ಗೌಡರು ಆಡಿದ ಮಾತುಗಳಲ್ಲಿ ಒಂದನ್ನೂ ಇಲ್ಲಿ ಬರೆಯುವ ಹಾಗಿಲ್ಲ. ಕ್ಯಾಂಪಿನವರು ಖಾಲಿ ಜೀಪಿನಲ್ಲಿ ವಾಪಸ್ಸಾದರು. ಯಾವ ಸಾಲಿನಲ್ಲಿ ಮೇಷ್ಟ್ರು ಗೆರೆ ಎಳೆದದ್ದೆಂದು ಕ್ಯಾಂಪಿನವರು ಕೇಳಿದಾಗ ನಿನಗೆ ನೆನಪಿರಲಿಲ್ಲವೇ ಎಂದು ನಾನು ಅನುಮಾನದಿಂದ ಕೇಳಿದೆ. ಅವನು ಬೀಡಿ ಹಚ್ಚಿ, ಇರಲಿಲ್ಲ ಸಾರ್ ಎಂದ.

ಆದರೂ ಮಳೆ ಹತ್ತಿರ ಬರುತ್ತಿತ್ತು, ಏರಿ ಹಾಗೇ ಇತ್ತು. ಆ ಅಧಿಕಾರಿಯನ್ನು ಬಿಟ್ಟು ಇನ್ನೂ ಮೇಲಿನವರಿಗೆ ವರದಿ ಕೊಡೋಣವೆಂದರೆ ನನ್ನ ಕೈಯಲ್ಲಿ ಒಂದು ಅಳತೆಯೂ ಇರಲಿಲ್ಲ. ಗೋಡೆಯ ಕಲೆ ಅಳಿಸಿಯಾಗಿತ್ತು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಹೇಳಬೇಕಾದವರು ಆ ಜನವೇ.

ಬಾಗೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದೆ. ಕೆಳಗಿನ ಸಾಲು ಮುಟ್ಟುವಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಜ್ಜಿ ಅದೇ ಬಾಗಿಲಲ್ಲಿ ಕೂತಿದ್ದಳು. ದಾರಿಯನ್ನು ನನ್ನ ಹಿಂದೆ ಬಹಳ ದೂರದವರೆಗೆ ನೋಡಿದಳು. ಯಾವ ಜೀಪೂ ಬರಲಿಲ್ಲ. ನಾನು ನಡೆದದ್ದನ್ನೆಲ್ಲ, ಅಧಿಕಾರಿಯ ಮಾತನ್ನೂ ಸೇರಿಸಿ, ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳಿಗೆ ಅಚ್ಚರಿಯೇನೂ ಆಗಲಿಲ್ಲ.

"ಚೀಲದಾಗೇನೈತೆ?" ಎಂದಳು.

ಜಗಲಿಯ ಮೇಲೆ ಸುರಿದೆ. ಟೇಪು, ಟವೆಲು, ಪೆನ್ಸಿಲು, ಹೆಂಡತಿ ಕಟ್ಟಿಕೊಟ್ಟ ಚಪಾತಿ. ಅಜ್ಜಿ ಚಪಾತಿಯ ಗಂಟನ್ನೂ ಬಿಚ್ಚಿ ನೋಡಿದಳು, ಖಾಲಿ ಚೀಲದೊಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದಳು. ಕೆಂಪು ಬಣ್ಣ ಇಲ್ಲವೆಂದು ಗಟ್ಟಿಯಾದ ಮೇಲೆ ಒಳಗೆ ತಿರುಗಿ ಕರೆದಳು.

"ಬಾರಲೇ ಹೊರಕ್ಕೆ. ನೀರು ಎಲ್ಲೀತನಕ ಬಂದಿತ್ತು, ನಿಂತು ತೋರ್ಸು."

ಅಷ್ಟು ತಿಂಗಳು ಬೆಕ್ಕಾಗಿದ್ದ ಮಗ ತಲೆ ತಗ್ಗಿಸಿ ಹೊರಗೆ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಮಕ್ಕಳು ಓಡಿಬಂದು ಅವನ ಕಾಲು ಹಿಡಿದುಕೊಂಡವು. ಅವನು ಗೋಡೆಗೆ ಬೆನ್ನು ಕೊಟ್ಟು ನಿಂತು, ನನ್ನ ಮುಖ ನೋಡದೆ, ಎದೆಯ ಮೇಲೆ ಅಂಗೈ ಅಡ್ಡ ಇಟ್ಟ. ನಾನು ಟೇಪನ್ನು ನೆಲದಿಂದ ಅವನ ಕೈವರೆಗೆ ಹಿಡಿದೆ. ಅವನ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಟೇಪಿನ ತುದಿ ಅಲುಗುತ್ತಿತ್ತು.