ಅಪ್ಪನ ಬಂಡಿ

ಬಟ್ಟೆ ಮಡಚುವುದು ಇಷ್ಟು ದಣಿಸುವ ಕೆಲಸ ಎಂದು ಗೊತ್ತಿರಲಿಲ್ಲ. ಮಿರಜಿನಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಒಂದು ಅಂಗಿಯನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ಅದರ ಇಸ್ತ್ರಿ ಪೂರ್ತಿ ಹಾಳಾದ ಮೇಲೆ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದೆ. ಉಜ್ಬೆಕಿಸ್ತಾನದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತ್ತು. ಅಧ್ಯಾಪಕರು ಕೋಟು, ಟೈ, ಕಪ್ಪು ಬೂಟು ಹಾಕಿಯೇ ಪಾಠಕ್ಕೆ ಬರಬೇಕು ಎಂದು ಅಲ್ಲಿಂದ ಮೇಲ್ ಬಂದಿತ್ತು. ಸಾಂಗ್ಲಿಯ ಕಾಲೇಜುಗಳಲ್ಲಿ ತಾಸಿನ ಲೆಕ್ಕದ ಮಾಸ್ತರನಾಗಿದ್ದ ನನಗೆ ತೋಳು ಮಡಚಿದ ಅಂಗಿ, ಕಾಲಿಗೆ ಚಪ್ಪಲಿ ಸಾಕಾಗಿದ್ದವು. ಪ್ರತಿ ವರ್ಷ ಹೊಸದಾಗಿ ಸಂದರ್ಶನ ಕೊಟ್ಟು, ಹಳೆಯ ಕೋಣೆಯಲ್ಲಿ ಹಳೆಯ ಪಾಠವನ್ನೇ ಹೇಳಿ ಹೇಳಿ ಬೇಸತ್ತಿದ್ದೆ. ಹೊರಡುವ ಉತ್ಸಾಹ ಕೂಡ ಆ ಬೇಸರದ್ದೇ ಇನ್ನೊಂದು ರೂಪ ಅನಿಸುತ್ತಿತ್ತು.

ಆ ಮೇಲ್‌ನ ಕೊನೆಗೆ ಇನ್ನೊಂದು ಮಾತಿತ್ತು. ಸ್ವಾಗತದ ದಿನ ಹೊಸಬರೆಲ್ಲ ತಮ್ಮ ಬಗ್ಗೆ ಸ್ವಲ್ಪ ಮಾತಾಡಬೇಕು. ನೀವು ಸಂದರ್ಶನದಲ್ಲಿ ಹೇಳಿದ ಎತ್ತಿನ ಬಂಡಿಯ ಕತೆಯನ್ನೇ ಹೇಳಿದರೆ ನಮಗೆಲ್ಲ ಸಂತೋಷ, ಎಂದು.

ಆ ಕತೆ ಇಷ್ಟೇ. ಆರು ವರ್ಷದವನಿದ್ದಾಗ ನನ್ನನ್ನು ಮಿರಜಿನ ಮಾವಶಿಯ, ಅಂದರೆ ಚಿಕ್ಕಮ್ಮನ, ಮನೆಯಲ್ಲಿಟ್ಟು ಶಾಲೆಗೆ ಹಾಕಬೇಕೆಂದು ಅಪ್ಪ ನಮ್ಮೂರು ಆರಗದಿಂದ ಬಂಡಿಯಲ್ಲಿ ಕರೆತಂದ. ಮಳೆ ಹನಿಯುತ್ತಿತ್ತು. ಒಂದು ಎತ್ತು ಬಿಳಿ, ಇನ್ನೊಂದು ಕಂದು. ಅಪ್ಪ ಮುಂದೆ ಕೂತು ಹೊಡೆಯುತ್ತಿದ್ದ, ನಾನು ಹಿಂದೆ. ಒದ್ದೆಯಾದ ಅವನ ಬೆನ್ನು ಕಾಣುತ್ತಿತ್ತು. ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ. ಅವನ ಬಗ್ಗೆ ನನ್ನದೇ ಅಂತ ಇರುವ ನೆನಪು ಅದೊಂದೇ. ಉಳಿದದ್ದೆಲ್ಲ ಬೇರೆಯವರು ಹೇಳಿದ್ದು, ಇಲ್ಲವೇ ಗೋಡೆಯ ಮೇಲಿನ ಫೋಟೊದಿಂದ ಎತ್ತಿಕೊಂಡದ್ದು. ಯಾವುದನ್ನೂ ಸುಲಭಕ್ಕೆ ನಂಬದ ನಾನು ಆ ಬೆನ್ನನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ.

ಕೋಟು ಹೊಲಿಸಿದ್ದು ಸಾಂಗ್ಲಿಯಲ್ಲಿ. ಅಳತೆ ತೆಗೆಯುತ್ತ ಟೇಲರು ಮರಾಠಿಯಲ್ಲಿ, “ಸರ್, ಆತ ಬಂಡೀ ಪಣ ಶಿವೂ ಕಾ?” ಎಂದು ಕೇಳಿದ್ದ. ಒಳಗೆ ಒಂದು ಬಂಡಿಯನ್ನೂ ಹೊಲಿಯಲೇ, ಎಂದು. ಮರಾಠಿಯಲ್ಲಿ ಬಂಡಿ ಎಂದರೆ ತೋಳಿಲ್ಲದ, ಮುಂದೆ ಗುಂಡಿಗಳಿರುವ ಉಡುಪು. ನಮ್ಮ ಕಡೆಯ ಹಳ್ಳಿಯ ಗಂಡಸರು ಅಂಗಿಯ ಮೇಲೆ ಹಾಕಿಕೊಳ್ಳುವಂಥದು. ಸೂಟಿನ ವೇಸ್ಟ್‌ಕೋಟನ್ನೂ ಅವನು ಅದೇ ಹೆಸರಿನಿಂದ ಕರೆದಿದ್ದ. ಬೇಡವೆಂದು ವಾದಿಸುವುದಕ್ಕೂ ಬೇಸರವಾಗಿ ಹೂಂ ಅಂದಿದ್ದೆ.

ಈಗ ಅಕ್ಕ ಸೂಟ್‌ಕೇಸಿನಿಂದ ಅದನ್ನೇ ಹೊರಗೆಳೆದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ಮಾಲಗಾಂವದ ಮರಾಠಿ ಶಾಲೆಯಲ್ಲಿ ಶಿಕ್ಷಕಿ. ಬಟ್ಟೆಯನ್ನೂ ಹುಡುಗರ ಉತ್ತರಪತ್ರಿಕೆಯ ಹಾಗೆಯೇ ಹಿಡಿದು ನೋಡುತ್ತಾಳೆ.

“ಇದೇನೋ ತಮ್ಮಾ, ಸಾಹೇಬ್ರ ಬಂಡಿ? ಇದಕ ಕಿಸೆ ಎಲ್ಲಿ ಅದಾವ? ಅಪ್ಪನ ಬಂಡಿಗೆ ಎಂಥಾ ಕಿಸೆ ಇದ್ದೂ. ಅರ್ಧಾ ಬಜಾರ ಹಿಡೀತಿತ್ತು ಅದರಾಗ.”

“ಅಪ್ಪ ಬಂಡಿ ಹಾಕತಿದ್ದನೇನು?” ಎಂದೆ.

“ಹಾಕತಿದ್ದನೇನು ಅಂತ ಕೇಳ್ತಾನ ನೋಡ್ರಿ ಇಂವ!” ಅಕ್ಕ ಗಂಡನ ಕಡೆ ತಿರುಗಿದಳು. “ಅದರಾಗ ಕುಂತು ಸಾಲಿಗೆ ಹೋದಾಂವ ನೀನ ಅಲ್ಲೇನೋ?”

ಅಕ್ಕನ ಗಂಡನನ್ನು ನಾನು ಕರೆಯುವುದು ದಾಜಿ ಎಂದು. ಸಾಂಗ್ಲಿಯ ಪೇಟೆಯಲ್ಲಿ ಅವರದು ಅರಿಷಿಣದ ವ್ಯಾಪಾರ. ನನ್ನ ಸಾಮಾನು ತೂಗಬೇಕೆಂದು ಅಂಗಡಿಯಿಂದ ಕೊಕ್ಕೆಯ ತಕ್ಕಡಿಯೊಂದನ್ನು ತಂದು ತೊಡೆಯ ಮೇಲಿಟ್ಟುಕೊಂಡು, ಯಾವಾಗ ತೂಗಲಿ ಎಂದು ಕಾಯುತ್ತ ಮಂಚದ ಮೇಲೆ ಕೂತಿದ್ದರು.

“ಬಂಡ್ಯಾಗ ಹೋಗಿದ್ದು ಖರೆ,” ನಾನೆಂದೆ. “ಆದ್ರ ಅದು ಎತ್ತಿನ ಬಂಡಿ.”

ಅಕ್ಕ ವೇಸ್ಟ್‌ಕೋಟನ್ನು ಕೆಳಗಿಟ್ಟಳು. “ಎತ್ತು? ನಮ್ಮ ಮನ್ಯಾಗ ಇದ್ದದ್ದು ಕುರಿ. ಎತ್ತು ಯಾವಾಗಿದ್ದೂ?”

“ಒಂದ ಬಿಳೇದು, ಒಂದ ಕಂದು.”

“ಪ್ರೊಫೆಸರ್ ಸಾಹೇಬ್ರು ಜೋಡೆತ್ತ ತಗೊಂಡಾರ, ನಮಗ ಹೇಳೇ ಇಲ್ಲ,” ಎಂದರು ದಾಜಿ. “ಪೇಢೆ ಎಲ್ಲಿ ಅದಾವ್ರಿ?”

ಅಕ್ಕ ನಗಲಿಲ್ಲ. “ಅಲ್ಲೋ, ಚಕ್ಕಡಿಗೆ ನಮ್ಮ ಮನ್ಯಾಗ ಯಾರ ಬಂಡಿ ಅಂತಿದ್ರು? ಚಕ್ಕಡಿ ಅಂತಿದ್ರು, ಇಲ್ಲಾ ಗಾಡಿ. ಬಂಡಿ ಅಂದ್ರ ಮೈಮ್ಯಾಲಿಂದು. ತಡಿ.”

ಒಳಗೆ ಹೋಗಿ ಕಪಾಟಿನ ತಳದಿಂದ ಒಂದು ಗಂಟು ತಂದಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ದಪ್ಪ ಬಟ್ಟೆಯ ಬಂಡಿ. ಯಾವ ಬಣ್ಣದ್ದಾಗಿತ್ತೋ, ಈಗ ಬೂದಿಯಂತಾಗಿತ್ತು. ಕಿಸೆಗಳು ಜೋತುಬಿದ್ದಿದ್ದವು. ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಇರಲಿಲ್ಲ. ನಾನು ಅದನ್ನು ಹಿಂದೆ ನೋಡಿದ್ದೆನೇ? ಕೈಯಲ್ಲಿ ಹಿಡಿದರೂ ಯಾವ ನೆನಪೂ ಏಳಲಿಲ್ಲ.

“ಎಸ್.ಟಿ. ಬಸ್ಸಿನಾಗ ಹೋದ್ವಿ ನಾವು ಮೂರೂ ಮಂದಿ,” ಎಂದಳು ಅಕ್ಕ. ಅವಳು ಆಗಲೇ ಮಾವಶಿಯ ಮನೆಯಲ್ಲಿದ್ದು ಓದುತ್ತಿದ್ದಳು. ಬೇಸಿಗೆ ರಜೆ ಮುಗಿದು ಅಪ್ಪ ಅವಳನ್ನೂ ಜೊತೆಗೆ ಬಿಡಲು ಬಂದಿದ್ದನಂತೆ. “ಖಿಡಕಿ ಕಾಜ ಒಡದಿತ್ತು. ಮಳಿ ಒಳಗ ಬರಾಕತ್ತಿತ್ತು. ಹೊಸಾ ಅಂಗಿ ತೋಯ್ತು ಅಂತ ನೀ ಬೊಬ್ಬಿ ಹೊಡಿಯಾಕ ಹತ್ತಿದಿ. ಅಪ್ಪ ಬಂಡಿ ಗುಂಡಿ ಬಿಚ್ಚಿ ನಿನ್ನ ಒಳಗ ಎಳಕೊಂಡ. ಕಂಡಕ್ಟರ್ ಬಂದು ನೋಡಿದಾ, ‘ಬಂಡೀತಲ್ಯಾಚಂ ತಿಕೀಟ ನಾಹೀ’ ಅಂದಾ. ಬಸ್ಸಿನ ಮಂದಿ ಎಲ್ಲಾ ಹೋ ಅಂತ ನಕ್ರು. ಅಪ್ಪ ಅದನ್ನ ಮನಿಗೆ ಹೋಗಿ ಅವ್ವಗ ಹೇಳಿದಾ. ಮುಂದ ಅವ್ವ ಬಂದವರಿಗೆಲ್ಲಾ ಹೇಳಾಕಿ, ಇಂವ ಅಪ್ಪನ ಬಂಡ್ಯಾಗ ಕುಂತು ಸಾಲಿಗೆ ಹೋದಾಂವ ಅಂತ.”

ಬಂಡಿಯೊಳಗೆ ಇರುವವನಿಗೆ ಟಿಕೀಟಿಲ್ಲ, ಎಂದು.

ಅವ್ವನ ಆ ಮಾತು ನನಗೆ ನೆನಪಿದೆ. ಅವಳು ಅದನ್ನು ಹೇಳುವಾಗಿನ ದನಿ ಕೂಡ. ಆ ಕನ್ನಡ ವಾಕ್ಯದ ನಡುವೆ ಒಂದು ಮರಾಠಿ ಶಬ್ದ ಸದ್ದಿಲ್ಲದೆ ಕೂತಿತ್ತು ಅಂತ ಎಂದೂ ಹೊಳೆದಿರಲಿಲ್ಲ. ನಮ್ಮಲ್ಲಿ ಮಾತಿನ ನಡುವೆ ಒಂದು ಭಾಷೆ ಬಂದದ್ದು, ಇನ್ನೊಂದು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಮನೆಯ ಕನ್ನಡ ಕಿವಿಯಲ್ಲಿತ್ತೇ ಹೊರತು ನಾಲಗೆಯ ಮೇಲೆ ಅಷ್ಟಾಗಿ ಇರಲಿಲ್ಲ. ಎಂ.ಎ.ಗೆಂದು ಧಾರವಾಡಕ್ಕೆ ಹೋದಾಗ ಹಾಸ್ಟೆಲಿನ ಕೋಣೆಯಲ್ಲಿ ಬಳ್ಳಾರಿ ಕಡೆಯ ಗೆಳೆಯರಿದ್ದರು. ಅವರ ಬಾಯಲ್ಲಿ ಬಂಡಿ ಎಂದರೆ ಎತ್ತು ಎಳೆಯುವುದು, ಅಷ್ಟೇ. ಅವ್ವನ ವಾಕ್ಯವನ್ನು ನಾನು ಅವರಿಗೆ ಹೇಳಿರಬೇಕು. ಎತ್ತು ಯಾವ ಬಣ್ಣದವು ಎಂದು ಅವರು ಕೇಳಿರಬೇಕು. ನಾನು ಉತ್ತರ ಕೊಟ್ಟಿರಬೇಕು. ಹೀಗೆ ಆಯಿತೆಂದು ಕೂಡ ಖಾತ್ರಿಯಿಂದ ಹೇಳಲಾರೆ. ಇದು ಆಮೇಲೆ ನಾನು ಹೊಂದಿಸಿಕೊಂಡ ವಿವರಣೆ. ಎತ್ತುಗಳು ಮಾತ್ರ ಈಗಲೂ ನಡೆಯುತ್ತಲೇ ಇವೆ, ಕೊರಳಿನ ಗೆಜ್ಜೆಯ ಸದ್ದಿನ ಸಮೇತ.

“ಅವತ್ತ ಅಪ್ಪನ ಮಾರಿ ಹೆಂಗಿತ್ತು?” ಎಂದು ಅಕ್ಕನನ್ನು ಕೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. “ಕಾಣಲಿಲ್ಲೋ. ನಿನ್ನ ತಲಿ ಅಡ್ಡ ಇತ್ತು.”

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಆರು ವರ್ಷದ ಹುಡುಗ ಇಷ್ಟರೊಳಗೆ ಹಿಡಿಸುತ್ತಾನೇನು ಎಂದು ವಾದಕ್ಕಿಳಿದೆ. ಅಂಗಿಯ ಮೇಲೆ ಬಂಡಿ ಹಾಕಿಕೊಂಡು ನೋಡಿದೆ. ಹೆಗಲಿನಲ್ಲಿ ಬಿಗಿಯಾಗಿತ್ತು, ಗುಂಡಿ ಕೂಡುತ್ತಿರಲಿಲ್ಲ. ನೋಡು, ಇದರಲ್ಲಿ ಒಬ್ಬನಿಗೇ ಜಾಗವಿಲ್ಲ ಎಂದೆ.

“ಅಪ್ಪ ನಿನ್ನಂಗ ಹೊಟ್ಟಿ ಬಿಟ್ಟಿದ್ದಿಲ್ಲ,” ಎಂದಳು ಅಕ್ಕ. ನಾನು ಅದನ್ನು ಬಿಚ್ಚಿದೆ; ಅವಳು ಹಳೆಯದು, ಹೊಸದು ಎರಡನ್ನೂ ಸೂಟ್‌ಕೇಸಿಗೆ ಹಾಕಿದಳು.

ಕೊನೆಗೆ ದಾಜಿ ಎದ್ದು ಸೂಟ್‌ಕೇಸನ್ನು ಕೊಕ್ಕೆಗೆ ತೂಗುಹಾಕಿದರು. ಮುಳ್ಳು ದಾಟಬಾರದ ಗೆರೆಯನ್ನು ದಾಟಿತ್ತು. “ಭಾಳ ಆತ್ರಿ. ಎರಡರಾಗ ಒಂದ ಬಂಡಿ ಇಳಸ್ರಿ, ಪ್ರೊಫೆಸರ.”

ನಾನು ಹೊಸದನ್ನು ತೆಗೆದು ಮಂಚದ ಮೇಲಿಟ್ಟೆ. ದೊಡ್ಡ ನಿರ್ಧಾರವೇನೂ ಅಲ್ಲ, ಕೈಗೆ ಮೊದಲು ಸಿಕ್ಕದ್ದು ಅದೇ. ಅಕ್ಕ ಕೋಟಿನ ಗುಂಡಿ ಬಿಚ್ಚಿ, ಅಪ್ಪನ ಬಂಡಿಯನ್ನು ಮಡಚಿ ಅದರೊಳಗಿಟ್ಟು, ಮತ್ತೆ ಗುಂಡಿ ಹಾಕಿದಳು. ಟೈ ಒಂದನ್ನು ಎಲ್ಲಿ ಇಡುವುದೆಂದು ತಿಳಿಯದೆ ಬೂಟಿನೊಳಗೆ ತುರುಕಿದಳು.

ಇಲ್ಲಿ ಉಜ್ಬೆಕಿಸ್ತಾನದಲ್ಲಿ, ಸ್ವಾಗತದ ದಿನ ನಾನು ಬಸ್ಸಿನ ಕತೆಯನ್ನು ಹೇಳಿದೆ. ಕೋಟಿನೊಳಗೆ ಬಂಡಿ ಇತ್ತು, ಗುಂಡಿ ಹಾಕಿರಲಿಲ್ಲ. ಬಂಡಿ ಎಂದರೇನೆಂದು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿ, ಆಮೇಲೆ ಕಂಡಕ್ಟರನ ಮಾತಿಗೆ ಬರುವಷ್ಟರಲ್ಲಿ ಅದರಲ್ಲಿ ನಗುವಂಥದು ಏನೂ ಉಳಿದಿರಲಿಲ್ಲ. ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ನನಗೆ ಮೇಲ್ ಬರೆದಿದ್ದ ಹೆಂಗಸು ಚಹಾದ ಹೊತ್ತಿಗೆ ಹತ್ತಿರ ಬಂದು, ಎತ್ತುಗಳಿದ್ದವಲ್ಲ, ಎಂದು ಕೇಳಿದಳು. ಇರಲಿಲ್ಲ ಎಂದೆ. ಅವಳ ಮನೆಯ ಎತ್ತುಗಳನ್ನೇ ನಾನು ಹೊಡೆದುಕೊಂಡು ಹೋದೆನೇನೋ ಎಂಬಂತೆ ನೋಡಿದಳು.

ಆ ಸಂಜೆ ಅಕ್ಕನ ಫೋನು ಬಂತು.

“ಯಾವದ ಹೇಳಿದಿ? ಎತ್ತಿಂದೋ, ಬಸ್ಸಿಂದೋ?”

“ಬಸ್ಸಿಂದು.”

“ಕಂಡಕ್ಟರಂದೂ ಹೇಳಿದಿ?”

“ಹೇಳಿದೆ. ಖಿಡಕಿ ಕಾಜಿಂದೂ ಹೇಳಿದೆ.”

ಅವಳ ಹಿಂದೆ ದಾಜಿ ಯಾರಿಗೋ ಮರಾಠಿಯಲ್ಲಿ ಗದರುತ್ತಿದ್ದುದು ಕೇಳುತ್ತಿತ್ತು.

“ತಮ್ಮಾ,” ಎಂದಳು ಅಕ್ಕ, “ಕಾಜ ಒಡದಿತ್ತೋ, ಖಿಡಕೀನ ಮುಚ್ಚತಿದ್ದಿಲ್ಲೋ, ನನಗೂ ಈಗ ಗ್ಯಾರಂಟಿ ಇಲ್ಲ ನೋಡು.”

“ಇರಲಿ ಬಿಡು,” ಎಂದೆ. “ಒಳಗಿದ್ದಾಂವಗ ಅದು ಎಲ್ಲಿ ಕಾಣತಿತ್ತು.”