ಗಡುವು ಬೇಡವೆಂದು ಗೆದ್ದ ಭಾಷಣ

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯುವ ದಿನ ನಾನು ಟೀವಿಯ ಮುಂದೆ ಕೂತು ಕೆಮ್ಮುತ್ತೇನೆ. ಮೊನ್ನೆಯೂ ಹಾಗೇ. ಹೆಂಡತಿ ಒಳಗೆ ಹುರಿಯುತ್ತಿದ್ದಳು. ಟೀವಿಯಲ್ಲಿ ಯಾವುದೋ ದೇಶದ ಸಂಸತ್ತು, ದೂರದ ಯುದ್ಧದಿಂದ ತನ್ನ ಸೈನ್ಯವನ್ನು ಇಂಥ ದಿನದೊಳಗೆ ಕರೆಸಿಕೊಳ್ಳಲೇಬೇಕೆಂದು ಕಾನೂನು ಮಾಡಬೇಕೋ ಬೇಡವೋ ಎಂದು ಜಗಳಾಡುತ್ತಿತ್ತು. ಕೋಟು ಹಾಕಿದವನೊಬ್ಬ ಎದ್ದು, ದಿನ ಹೇಳಿದರೆ ವೈರಿ ಆ ದಿನಕ್ಕಾಗಿ ಕಾಯುತ್ತ ಕೂರುತ್ತಾನೆ ಎಂದ. ಆ ಮಾತು ನನ್ನದು, ನೋಡ್ರಿ. ಹಾವೇರಿಯ ಕಾಲೇಜಿನಲ್ಲಿ ಅದನ್ನೇ ಹೇಳಿ ಚಪ್ಪಾಳೆಯ ಜೊತೆಗೆ ಸ್ಟೀಲಿನ ಡಬ್ಬಿಯೊಂದನ್ನು ಗೆದ್ದಿದ್ದೆ.

ಆಗ ನಮ್ಮ ಸೈನ್ಯ ಶ್ರೀಲಂಕಾದಲ್ಲಿತ್ತು. ನಾನು ನಮ್ಮೂರು ಕರ್ಜಗಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದೆ. ಪರದೇಶದ ಯುದ್ಧದಿಂದ ಸೈನ್ಯ ಮರಳಲು ಸಂಸತ್ತು ಗಡುವು ಹಾಕಬೇಕು ಎಂಬುದು ಚರ್ಚಾಸ್ಪರ್ಧೆಯ ವಿಷಯ. ಪರವೋ ವಿರೋಧವೋ ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ನನಗೆ ವಿರೋಧ ಬಂತು. ಪರ ಬಂದಿದ್ದರೂ ಅಷ್ಟೇ ಆವೇಶದಿಂದ ಕೂಗುತ್ತಿದ್ದೆ ಬಿಡಿ, ಎಲುಬಿಲ್ಲದ ನಾಲಿಗೆ.

ತಾಲೀಮು ನಮ್ಮ ಮಾಳಿಗೆಯ ಮೇಲೆ. ಅದಕ್ಕೆ ಅಂಟಿಕೊಂಡ ಮಾಳಿಗೆ ಪಕ್ಕದ ಮನೆಯ ನೀಲಚಿಗವ್ವನದು. ಅವಳ ಮಗ ಫಕ್ಕೀರಣ್ಣ ಸಿಪಾಯಿ, ಆ ಲಂಕೆಯಲ್ಲೇ ಇದ್ದ. ಮಗ ರಜೆಗೆ ಬರುವ ಎರಡು ದಿನ ಮೊದಲು ಖಾರದ ಪುಡಿ ಕುಟ್ಟಿಸಿ, ಆ ಘಮದಲ್ಲೇ ರೊಟ್ಟಿಗೆ ಹಾಕಿಕೊಡಬೇಕೆಂಬುದು ಅವಳ ಹಟ. ಮೊದಲೇ ಕುಟ್ಟಿಟ್ಟರೆ ಬಣ್ಣ ಇಳಿಯುತ್ತದಂತೆ. ಅದಕ್ಕೇ ಆರಿಸಿದ ಮೆಣಸಿನಕಾಯಿಗಳನ್ನು ತೊಟ್ಟು ಮುರಿಯದೆ ಚೀಲದಲ್ಲಿಟ್ಟು, ಹುಳ ಬೀಳದಿರಲೆಂದು ಮತ್ತೆ ಮತ್ತೆ ಮಾಳಿಗೆಯ ಬಿಸಿಲಿಗೆ ಹರವುತ್ತಿದ್ದಳು. ಎರಡನೆಯ ವರ್ಷಕ್ಕೆ ಕಾಯಿಗಳ ಕೆಂಪು ಮಾಸತೊಡಗಿತ್ತು. ಯಾವಾಗ ಬರುತ್ತೀ ಎಂದು ಬರೆಸಿದ ಪ್ರತಿ ಕಾಗದಕ್ಕೂ ಮಗನ ಉತ್ತರ ಒಂದೇ: "ಹೇಳಾಕ ಬರೂದಿಲ್ಲವ್ವ."

ವಾರವಿಡೀ ನನ್ನ ಭಾಷಣ ಕೇಳುತ್ತ ಅವಳು ಸುಮ್ಮನೆ ಕಾಯಿ ಹೊರಳಿಸಿದಳು. ಡಬ್ಬಿ ಹಿಡಿದು ಮನೆಗೆ ಬಂದ ಸಂಜೆ ಮಾತ್ರ ಬಾಗಿಲಲ್ಲೇ ತಡೆದಳು.

"ಗೆದ್ದಿಯಂತ, ತಮ್ಮಾ?"

"ಹೂಂ, ಚಿಗವ್ವ."

"ಅಂದ್ರ ಬರೂ ದಿನ ಹೇಳೂದು ಬ್ಯಾಡ ಅಂತ ಆತು?"

"ಅದು ಚೀಟಿ ಬಂದಂಗ ಮಾತಾಡೂದು. ನನ್ನ ಮಾತಲ್ಲ."

"ಮತ್ತ ಅಷ್ಟು ಜೋರಾಗಿ ಯಾಕ ಒದರಿದಿ?"

ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟಾಗಿದ್ದರೆ ವಾದ ಮಾಡಬಹುದಿತ್ತು. ಡಬ್ಬಿಯನ್ನು ತಿರುಗಿಸಿ ನೋಡಿ, "ಚಲೋ ಐತಿ" ಎಂದು ಮರಳಿಸಿದಳು. ನನಗೆ ಬಹಳ ನಾಚಿಕೆಯಾಯಿತು. ಆ ಡಬ್ಬಿಯಲ್ಲಿ ನಾನು ಒಂದು ದಿನವೂ ಊಟ ಒಯ್ಯಲಿಲ್ಲ.

ಮುಂದೆ ಫಕ್ಕೀರಣ್ಣ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಸ್ಸಿಳಿದು ಬಂದ. ಕೈಕಾಲು ನೆಟ್ಟಗಿದ್ದವು, ದೇವರು ದೊಡ್ಡವನು. ಚಿಗವ್ವ ಬಟ್ಟಲು ಹಿಡಿದು ನಮ್ಮ ಮನೆಗೆ ಓಡಿ ಬಂದಳು, ಖಾರ ಕೇಳಲಿಕ್ಕೆ. ಎರಡು ವರ್ಷ ಕಾಯಿ ಕಾಯ್ದವಳು ಕಡೆಗೆ ಮಗನಿಗೆ ಬಡಿಸಿದ್ದು ಕಡ ತಂದ ಖಾರ.

"ವೈರಿಗೆ ಹೇಳಬ್ಯಾಡ್ರೆಪಾ, ನನಗರ ಹೇಳಬೇಕಿಲ್ಲೋ?" ಎಂದು ನಗುತ್ತಲೇ ಅತ್ತಳು.

ಕೋಟಿನವನ ವಾದ ಸುಳ್ಳೆನ್ನಲಾರೆ. ಯುದ್ಧದ ಲೆಕ್ಕ ನನಗೆ ಇಂದಿಗೂ ತಿಳಿಯದು. ಆದರೆ ಆ ಸಂಸತ್ತಿನಲ್ಲಿ ಬಟ್ಟಲು ಹಿಡಿದ ಒಬ್ಬಳಾದರೂ ಎದ್ದು ಮಾತಾಡಲಿ ಎನ್ನಿಸಿತು.

ಟೀವಿ ಆರಿಸಿದೆ. ಚಿಗವ್ವ ಈಗಲೂ ಕರ್ಜಗಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಬಾ ಎಂದು ಕರೆದಾಗಲೆಲ್ಲ ನಾನು ಬರ್ತೇನಿ, ಬರ್ತೇನಿ ಎಂದು ತಳ್ಳುತ್ತ ಬಂದಿದ್ದೇನೆ. ರಾಣೆಬೆನ್ನೂರಿನಿಂದ ಕರ್ಜಗಿಯೇನು ಲಂಕೆಯೇ? ಫೋನು ಮಾಡಿದೆ.

"ಚಿಗವ್ವ, ಬರ್ತೇನಿ."

"ಹೂಂ, ಬರ್ತೀ," ಎಂದಳು, ಒಂದಿಷ್ಟೂ ನಂಬದ ದನಿಯಲ್ಲಿ.

"ಬುಧವಾರ. ಮಧ್ಯಾಹ್ನ ಊಟಕ್ಕ."

ಆ ಕಡೆ ಅವಳು ಮಗನನ್ನು ಕೂಗಿದ್ದು ಕೇಳಿಸಿತು: "ಫಕ್ಕೀರಾ, ಮೆಣಸಿನಕಾಯಿ ಬಿಸಲಿಗೆ ಹರವು. ಬುಧವಾರಂತ."