ಎರಡು ಬಾಣದ ಬತ್ತಳಿಕೆ

ಅಡುಗೆಮನೆಯ ತಕ್ಕಡಿಯಲ್ಲಿ ಐಲಾ ಅತ್ತೆ ಹಿಟ್ಟು, ಬೆಣ್ಣೆ, ಸಕ್ಕರೆ ಬಿಟ್ಟು ಬೇರೇನನ್ನೂ ತೂಗಿದವರಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಅದೇ ತಕ್ಕಡಿಯ ಮೇಲೆ ರೂಡಿ ಮಾವನ ಉದ್ದನೆಯ ಬಿಲ್ಲು ಅಡ್ಡಡ್ಡ ಮಲಗಿತ್ತು.

"ಇಪ್ಪತ್ತೊಂದು ಔನ್ಸ್," ಎಂದರು ಮಾವ. ಬಿಲ್ಲನ್ನು ತೆಗೆದು ಆರು ಬಾಣ ತುಂಬಿದ ಚರ್ಮದ ಬತ್ತಳಿಕೆಯನ್ನು ಇಟ್ಟರು. "ಇದು ಇಪ್ಪತ್ತು."

"ಹಿಟ್ಟು ತೂಗೋ ತಕ್ಕಡಿ ಮೇಲೆ ಆ ಕೊಳಕು ಚರ್ಮ ಇಡ್ತೀಯಲ್ಲ, ನಿನಗೇನಾದ್ರೂ ಬುದ್ಧಿ ಇದ್ಯಾ?" ಎಂದರು ಅತ್ತೆ.

"ಬೈಯೋದು ಆಮೇಲೆ. ಲೆಕ್ಕ ನೋಡು. ಬಿಲ್ಲಿಗೂ ಬತ್ತಳಿಕೆಗೂ ಒಂದೇ ಒಂದು ಔನ್ಸ್ ವ್ಯತ್ಯಾಸ. ಇಷ್ಟು ವರ್ಷ ನಾನು ಎರಡೆರಡು ಬಿಲ್ಲು ಎತ್ಕೊಂಡು ಕಾಡು ಸುತ್ತಿದೀನಿ ಅಂದ ಹಾಗಾಯ್ತು!"

ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ನಮ್ಮವರು ಬತ್ತಳಿಕೆಯನ್ನು ಬೆನ್ನಿಗೆ ಕಟ್ಟಿಕೊಳ್ಳುವುದಿಲ್ಲ. ಬಿಲ್ಲಿನ ಪಕ್ಕಕ್ಕೇ ಬಿಗಿಯುತ್ತಾರೆ. ಮೇಲೆ ಬಾಣದ ಅಲಗುಗಳನ್ನು ಮುಚ್ಚುವ ಒಂದು ಟೊಪ್ಪಿಗೆ, ಕೆಳಗೆ ಬಾಣದ ಕಡ್ಡಿಗಳನ್ನು ಕಚ್ಚಿ ಹಿಡಿಯುವ ಪಟ್ಟಿ, ಅಷ್ಟೇ. ಪೊದೆಗೆ ಸಿಕ್ಕುವುದಿಲ್ಲ, ಬಾಣ ಕೈಯ ಹತ್ತಿರವೇ ಇರುತ್ತದೆ. ಆದರೆ ಅದರ ಭಾರವನ್ನೆಲ್ಲ ಬಿಲ್ಲು ಹಿಡಿದ ಕೈಯೇ ಹೊರಬೇಕು. ಮಾವನಿಗೆ ಬಂದಿದ್ದ ಕಷ್ಟ ಅದೇ.

ರೂಡಿ ಕೊಸ್ಕೆಲಾ, ನನ್ನ ಸೋದರತ್ತೆಯ ಗಂಡ. ಮೂವತ್ತೊಂದು ಚಳಿಗಾಲ ಹಿಮ ಬಾಚುವ ಲಾರಿ ಓಡಿಸಿದವರು. ಲಾರಿಯ ಪಕ್ಕದಲ್ಲಿ ಹಿಮ ತಳ್ಳುವ ರೆಕ್ಕೆಯನ್ನು ಏರಿಸಿ ಇಳಿಸುವ ಸನ್ನೆಕೋಲು ಎಡಗೈಗೆ ಇತ್ತು. ಆ ಕೈಯೇ ಬಿಲ್ಲು ಹಿಡಿಯುವ ಕೈ. ಕಳೆದ ಚಳಿಗಾಲದಲ್ಲಿ ಎಡ ಹೆಗಲಿಗೆ ಶಸ್ತ್ರಚಿಕಿತ್ಸೆಯಾಯಿತು. ವ್ಯಾಯಾಮ ಹೇಳಿಕೊಡುವ ಹುಡುಗಿ, "ಕೈ ಚಾಚಿ ಭಾರ ಹಿಡೀಬೇಡಿ. ಹಿಡಿಯಲೇಬೇಕು ಅಂದ್ರೆ ಆದಷ್ಟು ಹಗುರದ್ದು ಹಿಡೀರಿ," ಎಂದಿದ್ದಳು. ಮಾವ ಅದರಲ್ಲಿ ಎರಡನೆಯ ಮಾತನ್ನು ಮಾತ್ರ ಮನೆಗೆ ತಂದರು.

ಅವರಿಗೆ ಬಿಲ್ಲು ಬಿಟ್ಟರೆ ಬೇರೆ ಹುಚ್ಚಿಲ್ಲ. ಇಷ್ಟು ವರ್ಷ ಲಾರಿಯ ಗದ್ದಲದಲ್ಲಿ ಬದುಕಿದವರಿಗೆ ಅಕ್ಟೋಬರ್‌ನಲ್ಲಿ ಕಾಡಿನೊಳಗೆ ಸದ್ದಿಲ್ಲದೆ ಕೂರುವುದೇ ವರ್ಷದ ಫಲ. ಜಿಂಕೆ ಸಿಕ್ಕರೆ ಅದು ಮೇಲಿನ ಲಾಭ.

ಆದರೆ ಅವರದೊಂದು ನಿಯಮವಿತ್ತು. ಒಂಬತ್ತು ವರ್ಷದ ಹಿಂದೆ ಕೊಂಬಿನ ಗಂಡು ಜಿಂಕೆಯೊಂದಕ್ಕೆ ಬಾಣ ಬಿಟ್ಟಿದ್ದರು, ಅದು ಹೊಟ್ಟೆಗೆ ನಾಟಿತು. ಎರಡು ದಿನ ರಕ್ತದ ಜಾಡು ಹಿಡಿದು ನಡೆದರೂ ಸಿಗಲಿಲ್ಲ. ನಾಲ್ಕನೆಯ ದಿನ ಕಾಗೆಗಳು ತೋರಿಸಿಕೊಟ್ಟವು. ಆ ವರ್ಷ ಮಾವ ಮತ್ತೆ ಕಾಡಿಗೆ ಹೋಗಲಿಲ್ಲ. ಮರುವರ್ಷದಿಂದ ಹದಿನೆಂಟು ಹೆಜ್ಜೆ ದೂರದಲ್ಲಿ ಹುಲ್ಲಿನ ಪೆಂಡಿಗೆ ಊಟದ ಕಾಗದದ ತಟ್ಟೆಯೊಂದನ್ನು ಚುಚ್ಚಿ ಆರು ಬಾಣ ಬಿಡುತ್ತಿದ್ದರು. ಆರೂ ತಟ್ಟೆಯೊಳಗೆ ಬಿದ್ದರೆ ಬೇಟೆ. ಒಂದು ಹೊರಗೆ ಬಿದ್ದರೂ ಆ ವರ್ಷ ಬೇಟೆಯಿಲ್ಲ. ಒಂದು ವರ್ಷವೂ ತಪ್ಪಿರಲಿಲ್ಲ.

ಅತ್ತೆಯ ತಮ್ಮ ಗ್ಲೆನ್ ಚಿಕ್ಕಪ್ಪನಿಗೆ ಇದೆಲ್ಲ ತಮಾಷೆ. ಅವನದು ಕ್ರಾಸ್‌ಬೋ, ಬಂದೂಕಿನಂತೆ ಹೆಗಲಿಗೊತ್ತಿ ಕುದುರೆ ಎಳೆದರೆ ಮುಗಿಯಿತು.

"ಭಾವ, ನನ್ನ ಹಳೇದು ಗರಾಜಲ್ಲಿ ಧೂಳು ತಿಂತಾ ಇದೆ. ಬಂದು ತಗೊಂಡು ಹೋಗು. ಕುರ್ಚಿ ಮೇಲೆ ಕೂತ್ಕೊಂಡೇ ಹೊಡೀಬಹುದು. ನಿದ್ದೆ ಬಂದ್ರೆ ಅದನ್ನೇ ತಲೆದಿಂಬು ಮಾಡ್ಕೋ."

"ಅದು ಬಿಲ್ಲಲ್ಲ ಕಣೋ. ಬಂದೂಕಾಗೋಕೆ ಹೋಗಿ ಅರ್ಧ ದಾರೀಲಿ ನಿಂತಿರೋದು."

"ನಿನ್ನ ಹೆಗಲೂ ಅರ್ಧ ದಾರೀಲೇ ನಿಂತಿದ್ಯಲ್ಲ, ಜೋಡಿ ಸರಿಹೋಗುತ್ತೆ!"

ಜೂನ್ ಮುಗಿಯುವವರೆಗೆ ಬತ್ತಳಿಕೆ ಆರಿಸುವುದೇ ಆಯಿತು. ಅಂಚೆಯಲ್ಲಿ ತರಿಸಿದ ಪ್ಲಾಸ್ಟಿಕ್ಕಿನದು ಆರು ಔನ್ಸ್ ಇತ್ತು. ಮಾವ ಹಿಗ್ಗಿದರು. ಬಾಣ ಬಿಟ್ಟಾಗ ಅದು ಜೇನ್ನೊಣದ ಹಾಗೆ ಗುಂಯ್ ಎಂದಿತು. ಆ ಸದ್ದಿಗೆ ಜಿಂಕೆ ಕುಸಿದು ನೆಗೆಯುತ್ತದೆ, ಎದೆಗೆ ಹೊರಟ ಬಾಣ ಬೆನ್ನಿಗೆ ತಾಗುತ್ತದೆ. ಪ್ಲಾಸ್ಟಿಕ್ಕಿನದು ವಾಪಸ್ಸು ಹೋಯಿತು. ಇನ್ನೊಂದು ಇನ್ನೂ ಹಗುರವಾಗಿತ್ತು, ಆದರೆ ಟೊಪ್ಪಿಗೆ ಗಿಡ್ಡ. ಅಲಗಿನ ತುದಿಗಳು ಹೊರಗೆ ಇಣುಕುತ್ತಿದ್ದವು. "ಎಡವಿ ಬಿದ್ರೆ ಮೊದಲ ಬೇಟೆ ನೀನೇ," ಎಂದು ಅತ್ತೆ ಅದನ್ನು ಬಾಗಿಲಿನಿಂದಾಚೆಗೇ ಇಡಿಸಿದರು. ಬೆನ್ನಿಗೆ ಹಾಕುವುದನ್ನೂ ಎರವಲು ತಂದು ನೋಡಿದರು. ನಡೆದರೆ ಬಾಣಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು, ಬಗ್ಗಿದರೆ ತಲೆಯ ಮೇಲಿಂದ ಜಾರುತ್ತಿದ್ದವು. ಹಗುರವಾಗಿರಬೇಕು, ಸದ್ದು ಮಾಡಬಾರದು, ಅಲಗು ಪೂರ್ತಿ ಮುಚ್ಚಬೇಕು, ಗರಿಗೆ ಗರಿ ತಾಗಬಾರದು. ಅಂಗಡಿಯಲ್ಲಿ ಎರಡು ಗುಣ ಸಿಕ್ಕಿದರೆ ಇನ್ನೆರಡು ಸಿಗುತ್ತಿರಲಿಲ್ಲ.

ಕೊನೆಗೆ ಹಿಲ್ಮಾ ಟೆರ್ವೋ ಅವರ ನೆನಪಾಯಿತು. ಎಂಬತ್ತೆರಡು ವರ್ಷದ ಹಿಲ್ಮಕ್ಕ ಭೂರ್ಜ ಮರದ ತೊಗಟೆಯನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಬ್ರೆಡ್ಡಿನ ಬುಟ್ಟಿ, ಉಪ್ಪಿನ ಡಬ್ಬಿ ನೇಯುತ್ತಿದ್ದರು. ಆ ಕೆಲಸ ಅವರ ಅಜ್ಜಿ ಫಿನ್‌ಲೆಂಡಿನಿಂದ ಹಡಗಿನಲ್ಲಿ ಬರುವಾಗ ಜೊತೆಗೆ ತಂದದ್ದು. ತೊಗಟೆ ಹಗುರ, ಮಳೆಗೆ ನೆನೆಯುವುದಿಲ್ಲ, ಸದ್ದನ್ನು ನುಂಗುತ್ತದೆ.

ಅಂದು ಮಾವನನ್ನು ಕಾರಿನಲ್ಲಿ ಕರೆದುಕೊಂಡು ಹೋದವನು ನಾನೇ. ಹಿಲ್ಮಕ್ಕ ಹಳೆಯ ಬತ್ತಳಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಬಾಣ ಎಷ್ಟು?"

"ಆರು."

"ಯಾಕೆ ಆರು?"

"ಇದ್ರಲ್ಲಿ ಆರು ಗೂಡಿತ್ತಲ್ಲ ಹಿಲ್ಮಕ್ಕ."

"ನಾನು ಗೂಡು ಎಷ್ಟಿದೆ ಅಂತ ಕೇಳಲಿಲ್ಲ. ಹೋಗ್ಲಿ, ಕಾಫಿ ಕುಡೀರಿ," ಎಂದು ಆಕೆ ಏಲಕ್ಕಿ ಬ್ರೆಡ್ಡನ್ನು ಮುಂದೆ ತಳ್ಳಿದರು.

ಹತ್ತು ದಿನಕ್ಕೆ ಬತ್ತಳಿಕೆ ಬಂತು. ಜೇನುಬಣ್ಣದ ನೇಯ್ಗೆಯ ಟೊಪ್ಪಿಗೆ, ಒಳಗೆ ಅಲಗು ಚುಚ್ಚಿಕೊಳ್ಳಲು ಗಟ್ಟಿ ಸ್ಪಂಜು, ಬಿಲ್ಲಿಗೆ ಬಿಗಿಯಲು ಎರಡು ತೊಗಲಿನ ಪಟ್ಟಿ. ಬರಿದಾಗಿ ತೂಗಿದರೆ ನಾಲ್ಕು ಔನ್ಸ್. ಬಾಣ ಬಿಟ್ಟರೆ ಉಸಿರಿನ ಸದ್ದೂ ಇಲ್ಲ. ಮಾವ ಅದನ್ನು ಮೇಜಿನ ಮೇಲಿಟ್ಟುಕೊಂಡೇ ಊಟ ಮಾಡಿದರು.

ಮರುದಿನದಿಂದ ಪ್ರತಿ ಸಂಜೆ ಆರು ಬಾಣ. ಬಾಣಗಳ ಮೇಲೆ ಒಂದರಿಂದ ಆರರವರೆಗೆ ಅಂಕೆ ಬರೆದಿದ್ದರು, ಆ ಕ್ರಮದಲ್ಲೇ ಬಿಡುವುದು. ಆಮೇಲೆ ತಟ್ಟೆಯಲ್ಲಾದ ತೂತಿನ ಪಕ್ಕ ಪೆನ್ಸಿಲ್ಲಿನಲ್ಲಿ ಆ ಅಂಕೆ ಬರೆಯುವುದು. ತಟ್ಟೆ ತಪ್ಪಿದ ಬಾಣದ ಅಂಕೆಯನ್ನು ಅಂಚಿನಲ್ಲಿ ಬರೆದು ಸುತ್ತು ಹಾಕುವುದು. ಮೊದಲ ದಿನ ಎರಡು ಹೊರಗೆ, ಎರಡನೆಯ ದಿನವೂ ಎರಡು, ಮೂರನೆಯ ದಿನ ಮೂರು. ಒಂದು ಸಂಜೆಯಾದರೂ ಆರೂ ಒಳಗೆ ಬೀಳಲಿಲ್ಲ. ಮೂರು ವಾರ ಹೀಗೇ ಕಳೆಯಿತು. ಮೊದಮೊದಲು ಮಾವ ಗಾಳಿಯನ್ನು ಬೈದರು, ಆಮೇಲೆ ಗರಿಯನ್ನು, ಆಮೇಲೆ ಯಾರನ್ನೂ ಬೈಯಲಿಲ್ಲ. ಬಿಲ್ಲಿನ ಹೆದೆ ಇಳಿಸಿ ಜಗಲಿಯ ಮೊಳೆಗೆ ತೂಗುಹಾಕಿದರು.

ಒಂದು ಭಾನುವಾರ ಚಿಕ್ಕಪ್ಪ ಬಂದಿದ್ದಾಗ ಮಾವ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಗ್ಲೆನ್, ಆ ಕ್ರಾಸ್‌ಬೋ ಇದೆ ಅಂದಿದ್ಯಲ್ಲ. ತಂದುಕೊಡು."

ಎರಡು ತಿಂಗಳಿಂದ ಬಾಯಿಗೆ ಬಂದಂತೆ ಛೇಡಿಸಿದ್ದ ಚಿಕ್ಕಪ್ಪ ಆಗ ನಗಲಿಲ್ಲ. "ಅದರ ಹೆದೆ ಸವೆದಿದೆ ಭಾವ. ಬದಲಾಯಿಸಿ... ಮುಂದಿನ ವಾರ ತರ್ತೀನಿ," ಎಂದ. ಕಾರಿನವರೆಗೆ ಬಂದ ನನ್ನ ಹತ್ತಿರ ಮಾತ್ರ, "ಹೆದೆ ಸರಿಯಾಗೇ ಇದೆ. ಅವನು ಆ ಮುಖ ಇಟ್ಕೊಂಡು ಕೇಳಿದ್ರೆ ಹೆಂಗೋ ಕೊಡೋದು?" ಎಂದು ಗೊಣಗಿದ.

ಆ ಶನಿವಾರ ಸೌನಾ. ನಮ್ಮಲ್ಲಿ ಶನಿವಾರ ಮಧ್ಯಾಹ್ನ ಆಯಿತೆಂದರೆ ಹಿತ್ತಿಲಿನ ಆ ಮರದ ಕೋಣೆಯ ಒಲೆ ಉರಿಯಲೇಬೇಕು. ಬಿಸಿ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಕೂರದೆ ವಾರ ಮುಗಿಯುವುದಿಲ್ಲ. ಒಲೆ ಹೊತ್ತಿಸಲು ಅತ್ತೆ ಹಳೆಯ ಪತ್ರಿಕೆ ಹುಡುಕಿದರು, ಸಿಗಲಿಲ್ಲ. ಜಗಲಿಯ ಮೂಲೆಯಲ್ಲಿ ಮಾವ ಎಸೆದಿದ್ದ ತಟ್ಟೆಗಳ ರಾಶಿಯನ್ನೇ ಎತ್ತಿಕೊಂಡು ಹೋದರು. ಒಂದೆರಡನ್ನು ಒಲೆಗೆ ತುರುಕಿದವರು ಮೂರನೆಯದನ್ನು ಹಿಡಿದುಕೊಂಡು ಹಾಗೇ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಮಸಿ ಮೆತ್ತಿದ ಕೈಯಲ್ಲೇ ಒಳಗೆ ಬಂದು ತಟ್ಟೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದರು.

"ಏ ರೂಡಿ, ಬಾ ಇಲ್ಲಿ. ಒಂದನೇ ನಂಬರ್ ಎಲ್ಲಿದೆ ತೋರ್ಸು."

"ಯಾವ ತಟ್ಟೇಲಿ?"

"ಯಾವುದ್ರಲ್ಲಾದ್ರೂ."

ಮಾವ ಕನ್ನಡಕ ಹಾಕಿಕೊಂಡರು. ಇದರಲ್ಲಿ ನಡುಮಧ್ಯ. ಅದರಲ್ಲಿ ಮಧ್ಯದಿಂದ ಎರಡು ಬೆರಳು. ಇನ್ನೊಂದರಲ್ಲೂ ನಡುವೆಯೇ. ಉಳಿದಿದ್ದ ಹತ್ತೊಂಬತ್ತು ತಟ್ಟೆಗಳಲ್ಲಿ ಒಂದನೇ ಬಾಣ ಒಮ್ಮೆಯೂ ಅಂಚಿನ ಹತ್ತಿರ ಹೋಗಿರಲಿಲ್ಲ. ಸುತ್ತು ಹಾಕಿದ ಅಂಕೆಗಳೆಲ್ಲ ಐದು, ಆರು. ಅಲ್ಲೊಂದು ಇಲ್ಲೊಂದು ನಾಲ್ಕು.

"ಕೈ ಸೋಲುತ್ತೆ," ಎಂದರು ಮಾವ. "ನಾಲ್ಕಾದ ಮೇಲೆ ಹೆಗಲು ಸೋಲುತ್ತೆ. ಅದು ನನಗೂ ಗೊತ್ತು."

"ನಲವತ್ನಾಲ್ಕು ವರ್ಷದಲ್ಲಿ ಒಂದೇ ಜಿಂಕೆಗೆ ಎಷ್ಟು ಬಾಣ ಬಿಟ್ಟಿದೀಯ ನೀನು?"

"ಒಂದು. ಎರಡನೇದು ಒಂದೇ ಒಂದ್ಸಲ... ಅದು ಆಗಲೇ ಬಿದ್ದಿತ್ತು."

"ಆರನೇ ಬಾಣ ಬಿಡೋವರೆಗೂ ನಿಂತ್ಕೊಂಡು ಕಾಯೋ ಜಿಂಕೆ ಈ ಕಾಡಲ್ಲಿ ಇದ್ಯೇನೋ? ಮತ್ತೆ ಆರು ಬಾಣದ ಪರೀಕ್ಷೆ ಯಾಕೆ?"

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಆರು ಎಲ್ಲಿಂದ ಬಂತೆಂದು ನನಗೆ ಗೊತ್ತಾಯಿತು. ಹಳೆಯ ಬತ್ತಳಿಕೆಯಲ್ಲಿ ಆರು ಗೂಡಿದ್ದವು, ಅದಕ್ಕೆ ಆರು ಬಾಣ ಹೊತ್ತರು. ಆರು ಬಾಣ ಇದ್ದವು, ಅದಕ್ಕೆ ಆರರ ಪರೀಕ್ಷೆ ಇಟ್ಟುಕೊಂಡರು. ಬತ್ತಳಿಕೆ ಹೊಲಿದವನ್ಯಾರೋ. ಅವನು ಇಟ್ಟ ಲೆಕ್ಕವನ್ನೇ ಇವರು ನಿಯಮ ಮಾಡಿಕೊಂಡಿದ್ದರು.

"ಹಾಗಂತ ಸುಲಭ ಮಾಡ್ಕೊಳೋದಲ್ಲ," ಎಂದರು ಮಾವ ತಟ್ಟೆಗಳನ್ನು ಒಟ್ಟುಮಾಡುತ್ತ. "ಒಂದೇ ಬಾಣ ಅಂದ್ರೆ ಬೆಳಿಗ್ಗೆ ಎದ್ದ ಕೂಡಲೇ, ಮೈ ಬಿಸಿಯಾಗೋಕೆ ಮುಂಚೆ. ಕಾಡಲ್ಲಿ ಹೆಂಗೋ ಹಂಗೆ. ದಿನಕ್ಕೊಂದು, ಸಾಲಾಗಿ ಮೂವತ್ತು ದಿನ. ಒಂದು ತಪ್ಪಿದ್ರೂ ಮತ್ತೆ ಮೊದಲಿಂದ."

"ಮಾಡು. ಮೊದಲು ಆ ಚೂರುಪಾರು ತಟ್ಟೆ ಕೊಡು, ಒಲೆ ಆರ್ತಾ ಇದೆ."

ಹಿಲ್ಮಕ್ಕ ಎರಡು ಬಾಣದ್ದು ಬೇಕೆಂಬ ಮಾತು ಕೇಳಿ ಬಾಯಿತುಂಬ ನಕ್ಕರು. "ಅವತ್ತೇ ಕೇಳಿದೆ, ಯಾಕೆ ಆರು ಅಂತ. ನೇಯ್ದದ್ದನ್ನ ಕತ್ತರಿಸೋಕೆ ಬರಲ್ಲ ಕಣಪ್ಪ, ಹೊಸದೇ ಮಾಡಬೇಕು. ಹಳೇದು ಇಲ್ಲೇ ಬಿಟ್ಟು ಹೋಗು." ಈಗ ಅದರಲ್ಲಿ ಅವರ ಹೆಣಿಗೆಯ ಕಡ್ಡಿಗಳಿವೆ. ಹೊಸದು ಬಾಣ ಸಮೇತ ಐದೂವರೆ ಔನ್ಸ್ ತೂಗಿತು. ಎರಡನೆಯ ಬಾಣ ಯಾಕೆಂದು ನಾನು ಕೇಳಿದ್ದಕ್ಕೆ ಮಾವ, "ಬಿದ್ದ ಜಿಂಕೆ ನರಳ್ತಾ ಇದ್ರೆ ಬೇಕಾಗುತ್ತೆ," ಎಂದರು.

ಸೆಪ್ಟೆಂಬರ್ ಒಂದರಿಂದ ಶುರುವಾಯಿತು. ಮಂಜು ಬಿದ್ದ ಹುಲ್ಲಿನ ಮೇಲೆ ಚಪ್ಪಲಿಯಲ್ಲೇ ನಿಂತು ಒಂದು ಬಾಣ, ಆಮೇಲೆ ಕಾಫಿ. ಹತ್ತು ದಿನ, ಇಪ್ಪತ್ತು ದಿನ. ಅಕ್ಟೋಬರ್ ಒಂದಕ್ಕೆ ಬಿಲ್ಲುಬೇಟೆ ತೆರೆಯುತ್ತದೆ, ದಿನಗಳು ಅದಕ್ಕೆ ಸರಿಯಾಗಿ ಹೊಂದುತ್ತಿದ್ದವು. ಇಪ್ಪತ್ತಾರನೆಯ ಬೆಳಿಗ್ಗೆ ಬಾಣ ತಟ್ಟೆಯ ಅಂಚಿನಿಂದ ಹೊರಗೆ ಬಿತ್ತು.

"ಒಂದು ಬೆರಳಷ್ಟು ಅಲ್ವಾ!" ಎಂದರು ಅತ್ತೆ.

"ಜಿಂಕೆ ಹೊಟ್ಟೆ ಒಳಗೆ ಬೆರಳಷ್ಟು ಅಂದ್ರೆ ನಾಲ್ಕು ದಿನ, ಐಲಾ."

ಮರುದಿನ ಬೆಳಿಗ್ಗೆ ಮಾವ ಹೊಸ ತಟ್ಟೆಯಲ್ಲಿ ಒಂದು ಎಂದು ಬರೆದರು.

ಬೇಟೆ ತೆರೆದ ದಿನ ಊರಿನ ಅರ್ಧ ಗಂಡಸರು ಕಾಡಿನಲ್ಲಿದ್ದರು, ಮಾವ ಹಿತ್ತಿಲಲ್ಲಿ ಬಲಗೈಯಲ್ಲಿ ಸೌದೆ ಜೋಡಿಸುತ್ತಿದ್ದರು. ಚಿಕ್ಕಪ್ಪ ಎರಡನೆಯ ದಿನವೇ ಜಿಂಕೆ ಹೊಡೆದ. ಮಾಂಸದ ಪೊಟ್ಟಣ ತಂದು ಮೇಜಿನ ಮೇಲಿಟ್ಟು, "ನಿನ್ನ ತಟ್ಟೆಗೆ ಇವತ್ತು ಇದನ್ನ ಬಡಿಸ್ಕೋ ಭಾವ," ಎಂದ. ಮಾವ ನಕ್ಕು ತಿಂದರು. ಆದರೆ ಮೇಪಲ್ ಎಲೆಗಳು ಕೆಂಪಾಗಿ ಉದುರಿ ಮುಗಿಯುವವರೆಗೆ ಅವರು ಸಂಜೆಯ ಹೊತ್ತು ಕಾಡಿನ ಕಡೆ ಮುಖ ಮಾಡಿ ಕೂರಲಿಲ್ಲ.

ಅಕ್ಟೋಬರ್ ಇಪ್ಪತ್ತಾರಕ್ಕೆ ಮೂವತ್ತು ತುಂಬಿತು. ಮರುದಿನ ಮೊದಲ ಹಿಮ ಬಿತ್ತು. ಮಾವ ಕಾಡಿಗೆ ಹೋದರು.

ಅತ್ತೆ ಸಂಜೆ ಕಿಟಕಿಯಲ್ಲಿ ನಿಂತು ಕಾಯುತ್ತಿದ್ದರು. ಮೊದಲು ನೋಡುತ್ತಿದ್ದುದು ಗಂಡನ ಮುಖವನ್ನಲ್ಲ, ಬತ್ತಳಿಕೆಯನ್ನು. ಮೂರು ಸಂಜೆ ಎರಡು ಬಾಣ ಹೋದವು, ಎರಡು ಬಾಣ ಬಂದವು. ಮೂರನೆಯ ದಿನ ಕೊಂಬಿನ ಗಂಡು ಜಿಂಕೆಯೊಂದು ಹದಿನೈದು ಹೆಜ್ಜೆಗೆ ಬಂದು ನಿಂತಿತ್ತಂತೆ. ಮಾವ ಬಿಲ್ಲೆತ್ತಿದರು, ನಡುವೆ ಬೆರಳು ದಪ್ಪದ ಒಂದು ಕೊಂಬೆ. ಇಳಿಸಿಬಿಟ್ಟರು.

"ಎಷ್ಟು ಹೊತ್ತು ಎತ್ತಿ ಹಿಡಿದಿದ್ರಿ?" ಎಂದು ನಾನು ಕೇಳಿದೆ.

"ಕೊಂಬೆ ಸರಿಯಾಗಿ ಕಾಣೋವರೆಗೂ. ಮೊದಲಿನ ಭಾರ ಇದ್ದಿದ್ರೆ ಕೈ ಸೋಲುತ್ತಲ್ಲ ಅಂತ ಬಿಟ್ಟೇಬಿಡ್ತಿದ್ನೇನೋ."

ಒಂಬತ್ತು ವರ್ಷದ ಹಿಂದೆ ಏನಾಗಿತ್ತೆಂದು ಅವರು ನನಗೆ ಹೇಳಿದ್ದು ಇದೊಂದೇ ಮಾತಿನಲ್ಲಿ.

ನಾಲ್ಕನೆಯ ಸಂಜೆ ಬೆಳಕು ಇನ್ನೂ ಇರುವಾಗಲೇ ಬಂದರು. ಕಿಟಕಿಯಲ್ಲಿದ್ದ ಅತ್ತೆ ತಮ್ಮ ಅಂಗಿಯ ತುದಿಯನ್ನು ಹಿಡಿದುಕೊಂಡರು. ಒಂದು ಗೂಡು ಖಾಲಿಯಿತ್ತು.

"ಹೆಣ್ಣು ಜಿಂಕೆ. ಮೂವತ್ತೈದು ಹೆಜ್ಜೆ ಓಡ್ತು," ಎಂದರು ಮಾವ ಬಾಗಿಲಲ್ಲೇ ನಿಂತು. "ಕಣ್ಣೆದುರೇ ಬಿತ್ತು. ಗ್ಲೆನ್‌ಗೆ ಫೋನ್ ಮಾಡು ಐಲಾ, ಎಳೆಯೋಕೆ ನನ್ನ ಕೈಲಿ ಆಗಲ್ಲ."

ಚಿಕ್ಕಪ್ಪನೂ ನಾನೂ ಹಿಮದ ಮೇಲೆ ಜಾರುಬಂಡಿ ಹಾಕಿ ಜಿಂಕೆಯನ್ನು ಎಳೆದು ತಂದೆವು. ಮಾವ ಐದೂವರೆ ಔನ್ಸಿನ ಬತ್ತಳಿಕೆ ಹಿಡಿದು ಮುಂದೆ ದಾರಿ ತೋರಿಸುತ್ತ ನಡೆದರು.

"ಭಾವ," ಎಂದು ಏದುಸಿರಿನಲ್ಲಿ ಕೂಗಿದ ಚಿಕ್ಕಪ್ಪ, "ನಿನ್ನ ಭಾರ ಎಲ್ಲ ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತು. ನನ್ನ ಸೊಂಟಕ್ಕೆ!"

ಮರುದಿನ ಬೆಳಿಗ್ಗೆ ನಾನು ಮಾಂಸ ಕಟ್ಟಲು ನೆರವಾಗಲೆಂದು ಹೋದೆ. ಬೇಟೆ ಮುಗಿದಿತ್ತು, ಬಿಲ್ಲಿಗೆ ಇನ್ನು ಕೆಲಸವಿರಲಿಲ್ಲ. ಆದರೂ ಮಾವ ಹಿಮದಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು, ಹುಲ್ಲಿನ ಪೆಂಡಿಯ ಮೇಲೆ ಹೊಸ ತಟ್ಟೆ ಇತ್ತು. ಒಳಗೆ ಅತ್ತೆ ಕಾಫಿಗೆ ನೀರಿಟ್ಟು ಕಾಯುತ್ತಿದ್ದರು. ಬಾಣ ನಾಟಿದ ಸದ್ದು ಕೇಳಿದ ಮೇಲೆ ಪುಡಿ ಹಾಕಿದರು.